ಎರಡು ಸೆಕೆಂಡಿನ ಪಾತ್ರ

ಹಿಂದಿ ಕ್ರೈಂ ಥ್ರಿಲ್ಲರುಗಳ ವಿಷಯದಲ್ಲಿ ನನಗೊಂದು ಜಂಬವಿತ್ತು. ಉತ್ತರದ ಸಣ್ಣ ಊರು, ಸಕ್ಕರೆ ಕಾರ್ಖಾನೆಯ ಚಿಮಣಿ, ಧೂಳು ಹಿಡಿದ ಜೀಪು, ಪಾನ್ ಜಗಿಯುವ ಇನ್ಸ್‌ಪೆಕ್ಟರು, ಇಷ್ಟು ತೋರಿಸಿದರೆ ಸಾಕು, ಕೊಲೆಗಾರ ಯಾರೆಂದು ಮೊದಲ ಕಾಲು ಗಂಟೆಯಲ್ಲೇ ಹೇಳಿಬಿಡುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ ತಪ್ಪಾಗುತ್ತಿತ್ತು. ಆದರೂ ಹೇಳುವುದನ್ನು ಬಿಟ್ಟಿರಲಿಲ್ಲ. ಮೂವತ್ತು ವರ್ಷದಿಂದ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತನಾಗಿರುವವನ ಅಭಿಪ್ರಾಯವನ್ನು ಮನೆಯಲ್ಲಾದರೂ ಯಾರಾದರೂ ಕೇಳಬೇಡವೇ?

ಈಗ ಕೊಲೆಗಾರನ ಗೊಡವೆ ನನಗಿಲ್ಲ. ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಅಂಥದ್ದೇ ಒಂದು ಸಿನಿಮಾ ನೋಡುತ್ತಿದ್ದೆವು. ಕಾರ್ಖಾನೆ ಮಾಲೀಕನ ಕೊಲೆಯಾಗಿದೆ, ಅವನ ಡ್ರೈವರನ್ನು ಹಿಡಿದು ತಂದಿದ್ದಾರೆ, ಹುಲ್ಲಿನ ಮೆದೆಯಲ್ಲಿ ಚಾಕು ಸಿಕ್ಕಿದೆ. ಇನ್ಸ್‌ಪೆಕ್ಟರು ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಕನ್ನಡಕದವನನ್ನು ಕರೆಯುತ್ತಾನೆ. ಅವನ ಕೈಯಲ್ಲಿ ತರಕಾರಿ ಚೀಲ. ಅವನು ಜೀಪಿನ ಬಾನೆಟ್ಟಿನ ಮೇಲಿಟ್ಟ ಕಾಗದಕ್ಕೆ ಬಗ್ಗಿ ಸಹಿ ಹಾಕಿ, ಚೀಲ ಎತ್ತಿಕೊಂಡು ಹೊರಟುಹೋಗುತ್ತಾನೆ. ಎಲ್ಲ ಸೇರಿ ಎರಡು ಸೆಕೆಂಡು. ನಾನು ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಓಡಿಸಿದೆ. ಮತ್ತೊಮ್ಮೆ ಓಡಿಸಿದೆ.

"ಅಪ್ಪಾ, ಎಷ್ಟ್ ಸಲ ರಿವೈಂಡ್ ಮಾಡ್ತೀಯಾ? ವೋ ತೋ ಬಸ್ ಎಕ್ಸ್‌ಟ್ರಾ ಹೈ, ಸುಮ್ನೆ ಬಂದು ಹೋಗೋನು!" ಎಂದಳು ದೆಹಲಿಯಲ್ಲೇ ಬೆಳೆದ ಮಗಳು.

"ಯಾಕ್ರೀ, ನಿಮಗೆ ಗೊತ್ತಿರೋರಾ?" ಎಂದಳು ಹೆಂಡತಿ, ತಮಾಷೆಗೆ.

ಗೊತ್ತಿರುವವನೇ. ಅವನು ನಾನು.

ಹೋದ ಚಳಿಗಾಲದಲ್ಲಿ ನಮ್ಮ ಸೊಸೈಟಿಯ ಒಂದು ಫ್ಲ್ಯಾಟಿನಲ್ಲಿ ಚಿನ್ನದ ಸರ ಕಳುವಾಯಿತು. ಗೇಟಿನ ಪಕ್ಕ ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುವ ರಾಮ್‌ಸೇವಕನ ಬಟ್ಟೆ ಗಂಟಿನಲ್ಲಿ ಅದು ಸಿಕ್ಕಿತಂತೆ. 'ಅಂತೆ' ಎನ್ನುತ್ತಿದ್ದೇನೆ, ಏಕೆಂದರೆ ಬೆಳಿಗ್ಗೆ ನಾನು ಹಾಲು ತರಲು ಇಳಿದು ಬಂದಾಗ ಸರ ಆಗಲೇ ಗೇಟಿನ ಗಾರ್ಡಿನ ಮೇಜಿನ ಮೇಲಿತ್ತು. "ಭಾಯಿಸಾಬ್, ಆಪ್ ತೋ ಸರ್ಕಾರಿ ಆದ್ಮಿ ಹೈ. ಬಸ್ ಏಕ್ ಸೈನ್" ಎಂದು ಪೊಲೀಸಿನವರು ಪಂಚನಾಮೆ ಮುಂದಿಟ್ಟರು. ನನ್ನೆದುರಿಗೇ ಗಂಟು ಬಿಚ್ಚಿದರು, ನನ್ನೆದುರಿಗೇ ಸರ ಸಿಕ್ಕಿತು ಎಂದು ಬರೆದಿತ್ತು. ಮೊದಲ ಎರಡು ಸಾಲು ಓದಿದೆ. ಅದು ಸುಳ್ಳೆಂದು ತಿಳಿಯಲು ಅಷ್ಟು ಸಾಕಿತ್ತು. ಸಹಿ ಹಾಕಿ, ಹಾಲು ತೆಗೆದುಕೊಂಡು ಮೇಲೆ ಬಂದು ಕಾಫಿ ಕುಡಿದೆ.

ಯಾಕೆ ಹಾಕಿದೆ? ಹೆದರಿಕೆ ಎಂದರೆ ಸ್ವಲ್ಪ ಮರ್ಯಾದೆಯಾಗಿ ಕೇಳಿಸುತ್ತದೆ. ನಿಜ ಹೇಳಬೇಕೆಂದರೆ ಅಭ್ಯಾಸ. ನಮ್ಮ ಕಚೇರಿಯಲ್ಲಿ ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿರಬೇಕು. 'ನೋಡಿದೆ' ಎಂದು ಬರೆದು ಕೆಳಗೊಂದು ಗೀಟು ಎಳೆದರೆ ಅದು ಮುಂದಕ್ಕೆ ಹೋಗುತ್ತದೆ. ನಿಜವಾಗಿಯೂ ನೋಡಿದಿರಾ ಎಂದು ಯಾವ ಮೇಲಧಿಕಾರಿಯೂ ಈವರೆಗೆ ನನ್ನನ್ನು ಕೇಳಿಲ್ಲ. ಅವರೂ ನೋಡಿರುವುದಿಲ್ಲವಲ್ಲ.

ಪಂಚರು ಎಂದರೆ ಹಿಂದೆ ಊರಿನ ಐದು ಜನ ಹಿರಿಯರು. ಕಟ್ಟೆಯ ಮೇಲೆ ಕೂತು, ತಪ್ಪು ಮಾಡಿದವನನ್ನೂ ಅವನ ಅಪ್ಪನನ್ನೂ ಬಲ್ಲವರಾಗಿ, ಗಂಟೆಗಟ್ಟಲೆ ಜಗಳವಾಡಿ ಒಂದು ಮಾತಿಗೆ ಬರುತ್ತಿದ್ದರು. ಪಂಚನಾಮೆಯ ಕಾಲಕ್ಕೆ ಐವರು ಹೋಗಿ ಇಬ್ಬರಾದರು. ನಮ್ಮ ಗೇಟಿನಲ್ಲಿ ಆ ಇಬ್ಬರೆಂದರೆ ಓದು ಬಾರದ ಗಾರ್ಡು, ಮತ್ತು ಎರಡೇ ಸಾಲು ಓದಿದ ನಾನು.

ರಾಮ್‌ಸೇವಕ ಕದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಸಂಕಟವೇ ಅದು. ಸಿನಿಮಾದಲ್ಲಾದರೆ ಕೊನೆಯ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅವನು ಜೈಲಿನಲ್ಲಿದ್ದಾನೆ, ಜಾಮೀನಿಗೆ ನಿಲ್ಲುವವರು ಈ ಊರಿನಲ್ಲಿ ಯಾರೂ ಇಲ್ಲ. ಅದೇ ಮರದ ಕೆಳಗೆ ಈಗ ಅವನ ಹೆಂಡತಿ ಫೂಲ್‌ಮತಿ ಇಸ್ತ್ರಿ ಮಾಡುತ್ತಾಳೆ.

ಸಿನಿಮಾ ನೋಡಿದ ಎರಡು ದಿನಕ್ಕೆ ನನಗೆ ಕೋರ್ಟಿನ ಸಮನ್ಸ್ ಬಂತು. ನಾನು ಕಣ್ಣಾರೆ ಕಂಡಿಲ್ಲ ಎಂದರೆ ರಾಮ್‌ಸೇವಕ ಹೊರಬರಬಹುದು. ಆದರೆ ನಿವೃತ್ತಿಗೆ ಎರಡು ವರ್ಷವಿರುವಾಗ, ಸುಳ್ಳು ಸಹಿ ಹಾಕಿದ ಸರ್ಕಾರಿ ನೌಕರ ನಾನಾಗುತ್ತೇನೆ. ಹೆಂಡತಿಗೆ ಎಲ್ಲ ಹೇಳಿದೆ. "ಇದ್ದದ್ದು ಇದ್ದ ಹಾಗೆ ಹೇಳಿಬಿಡಿ" ಎಂದಳು ಮೊದಲ ದಿನ. ಮಾರನೆಯ ದಿನ, "ಪೆನ್ಷನ್‌ಗೆ ಏನಾದ್ರೂ ತೊಂದ್ರೆ ಆಗುತ್ತೇನ್ರೀ?" ಎಂದಳು. ಮೂರನೆಯ ದಿನದಿಂದ ಆ ಮಾತೇ ಎತ್ತಲಿಲ್ಲ.

ಕೋರ್ಟಿಗೆ ಹೋಗುವ ಬೆಳಿಗ್ಗೆ ಫೂಲ್‌ಮತಿ ನನ್ನ ಬಿಳಿ ಅಂಗಿಗೆ ಗರಿಗರಿಯಾಗಿ ಇಸ್ತ್ರಿ ಮಾಡಿ ತಾನೇ ಮೇಲೆ ತಂದುಕೊಟ್ಟಳು. "ನೀವು ನೋಡಿದ್ದಷ್ಟನ್ನ ಹೇಳಿ ಸಾಬ್, ಅಷ್ಟು ಸಾಕು" ಎಂದಳು ತನ್ನ ಹಿಂದಿಯಲ್ಲಿ.

ಕೋರ್ಟಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂತೆ. ನಿಜ ಹೇಳುವುದೆಂದು ಹನ್ನೊಂದಕ್ಕೆ ತೀರ್ಮಾನಿಸಿದೆ, ಹನ್ನೆರಡಕ್ಕೆ ಬೇಡವೆಂದುಕೊಂಡೆ, ಒಂದು ಗಂಟೆಗೆ ಮತ್ತೆ ಧೈರ್ಯ ಬಂತು. ವಕೀಲರು ಬರಲಿಲ್ಲ. ಎರಡು ತಿಂಗಳಾಚೆಗೆ ತಾರೀಖು ಕೊಟ್ಟರು. ಆಗ ನನಗಾದ ಸಂತೋಷವನ್ನು ನೆನೆದರೆ ಅಸಹ್ಯವಾಗುತ್ತದೆ. ಹೊರಗೆ ಬಂದವನೇ ಒಂದು ಪ್ಲೇಟ್ ಛೋಲೆ ಕುಲ್ಚೆ ತಿಂದೆ, ಸಾಲದೆಂದು "ಭಯ್ಯಾ, ಇನ್ನೊಂದು" ಎಂದೆ. ಒಬ್ಬ ಮನುಷ್ಯ ಇನ್ನೂ ಎರಡು ತಿಂಗಳು ಒಳಗಿರಬೇಕೆಂಬುದು ಕೈ ತೊಳೆಯುವಾಗ ಹೊಳೆಯಿತು.

ಸೊಸೈಟಿಯ ಗೇಟಿನಲ್ಲಿ ಫೂಲ್‌ಮತಿ ಕೆಲಸ ನಿಲ್ಲಿಸಿ ಕಾಯುತ್ತಿದ್ದಳು.

"ಹೇಳಿದ್ರಾ ಸಾಬ್?"

"ತಾರೀಖ್ ಸಿಕ್ಕಿದೆ" ಎಂದೆ.

ಅವಳು ನನ್ನ ಅಂಗಿಯನ್ನು ನೋಡಿದಳು. ಬೆಂಚಿನ ಮೇಲೆ ಕೂತು ಕೂತು ಅದೆಲ್ಲ ಸುಕ್ಕಾಗಿತ್ತು.

"ಒಗೆದು ಕಳಿಸಿ, ಆ ದಿನಕ್ಕೆ ಮತ್ತೆ ಮಾಡಿಕೊಡ್ತೀನಿ" ಎಂದಳು. "ಪೊಲೀಸಿನೋರು ಬಂದ ದಿನ ಇಲ್ಲಿ ಓದಿದೋರು ಒಬ್ರಾದ್ರೂ ಇದ್ರಲ್ಲ ಸಾಬ್, ಅದೇ ನಮ್ಮ ಪುಣ್ಯ."