ಫಾರಿನ್ ಇಂಜೆಕ್ಷನ್, ಚೆಂಬೂರಿನ ಇಲಿ

ಸ್ನೇಹಿತರೇ, ಇವತ್ತು ಮುಂಬಯಿಯ ಚೆಂಬೂರಿನ ನನ್ನ ನಾಯಿ-ಬೆಕ್ಕುಗಳ ಕ್ಲಿನಿಕ್ಕಿಗೆ ಹೋಟೆಲ್ ನಡೆಸುವ ಶೆಟ್ಟರು ತಮ್ಮ ನಾಯಿಯನ್ನು ಎತ್ತಿಕೊಂಡೇ ಬಂದರು. ಅದರ ಕಣ್ಣು, ಒಸಡು ಹಳದಿಯಾಗಿದ್ದವು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಲೆಪ್ಟೊ, ಅಂದರೆ ಇಲಿಜ್ವರ ಎಂದೆ.

"ಸಾಧ್ಯವೇ ಇಲ್ಲ ಡಾಕ್ಟ್ರೇ. ಆ ರೋಗ ಬಾರದ ಹಾಗೆ ನಾಯಿಗೆ ಫಾರಿನ್ ಇಂಜೆಕ್ಷನ್ ಹಾಕ್ಸಿದ್ದೇನೆ."

"ಅದು ಅಲ್ಲಿಯ ರೋಗಾಣು ನೋಡಿ ಮಾಡಿದ್ದು. ಇಲ್ಲಿಯ ಇಲಿಗಳಲ್ಲಿರುವ ತಳಿಯೇ ಬೇರೆ. ನೀವು ಉಡುಪಿಯ ಸಾಂಬಾರನ್ನೇ ಇಲ್ಲಿ ಬಡಿಸ್ತೀರಾ?"

"ಛೆ, ಇಲ್ಲಿಯ ಗಿರಾಕಿಗೆ ಬೆಲ್ಲ ಜಾಸ್ತಿ ಬೇಕು ಮಾರಾಯ್ರೆ."

ಡ್ರಿಪ್ ಹಾಕಿದೆ. ಬೇಗ ತಂದಿದ್ದಾರೆ, ನಾಯಿ ಉಳಿಯುತ್ತದೆ.

"ಗುಣ ಆದ್ಮೇಲೆ ಇಲ್ಲಿಗೆ ಸರಿಯಾದ್ದೇ ಹಾಕಿ" ಎಂದರು. ಇಲ್ಲಿಯ ಎಲ್ಲ ತಳಿಗಳಿಗೂ ಹೊಂದುವ ಲಸಿಕೆ ಇನ್ನೂ ಬಂದಿಲ್ಲ ಎಂದೆ.

ಶೆಟ್ಟರು ನನ್ನನ್ನು ಮರುಕದಿಂದ ನೋಡಿದರು. "ಇಲ್ಲಿಯ ರುಚಿ ನೋಡದೆ ನಾವು ಹೋಟೆಲ್ ಇಟ್ಟಿದ್ರೆ ವಾರದಲ್ಲೇ ಬಾಗಿಲು ಹಾಕ್ಬೇಕಿತ್ತು."