ಪಂಚರಿಲ್ಲದ ಅಖಾಡ

ವಿಮರ್ಶೆಗೆಂದು ನನಗೆ ಬಂದಿದ್ದ ವಿಡಿಯೊ ಗೇಮ್‌ನಲ್ಲಿ ಎರಡು ರೋಬೋಗಳು ಅಖಾಡಕ್ಕಿಳಿದು, ಒಂದು ಪುಡಿಯಾಗುವವರೆಗೆ ಇಲ್ಲವೇ ಸಮಯ ಮುಗಿಯುವವರೆಗೆ ಹೊಡೆದಾಡುತ್ತವೆ. ಇಂಥ ಆಟಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ಓದುವವರು ಇನ್ನೂ ಕಡಿಮೆ ಎಂದು ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರು ಉಮದಿಯಲ್ಲಿ ಯಾರಾದರೂ ಹೇಳಿದರೆ, ಮೊದಲ ಮಾತನ್ನು ಒಪ್ಪಿ ಎರಡನೆಯದಕ್ಕೆ ಪುರಾವೆ ಕೇಳುವವಳು ನಾನು. ಮರಾಠಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆಗೆ ಸುಮ್ಮನೆ ಒಪ್ಪುವುದು ಬರುವುದಿಲ್ಲ.

ಇಬ್ಬರು ಕೂತು ಆಡುವ ಭಾಗವನ್ನು ನೋಡಬೇಕಿತ್ತು. ಆ ಮಧ್ಯಾಹ್ನ ಮನೆಯಲ್ಲಿ ಬಿಡುವಾಗಿದ್ದವನು ಅಣ್ಣ. ಸಂಖದಿಂದ ವಿಜಯಪುರದವರೆಗೆ ಮಣ್ಣಿನ ಕುಸ್ತಿ ಹಿಡಿದವನು. ಮೊಣಕಾಲಿನ ಆಪರೇಷನ್ ಆದ ಮೇಲೆ ಡಾಕ್ಟರು ಇನ್ನು ಸಾಕು ಎಂದಿದ್ದರು. ಅಸಂಗಿಯ ಹಿರಿಯರೊಬ್ಬರು ಬಂದು, ತಮ್ಮ ಮೈದಾನದಲ್ಲಿ ಪಂಚನಾಗಿ, ಅಂದರೆ ತೀರ್ಪುಗಾರನಾಗಿ, ನಿಂತು ಕುಸ್ತಿ ನಡೆಸಿಕೊಡು ಎಂದು ಕೇಳಿ ಹೋಗಿದ್ದರು. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಪಂಚನಾಗುವುದೆಂದರೆ ತನ್ನ ಕುಸ್ತಿ ಮುಗಿಯಿತೆಂದು ಮಂದಿಯ ಮುಂದೆ ಒಪ್ಪಿಕೊಂಡಂತೆ ಎಂದು ಅವನು ಉತ್ತರವನ್ನು ಮುಂದೂಡುತ್ತಲೇ ಇದ್ದ. ಮೊನ್ನೆ ಅವನು ಲಂಗೋಟ ತೊಳೆದು ಒಣಹಾಕಿದ್ದನ್ನು ಅವ್ವ ನೋಡಿದ್ದಳು. ಮತ್ತೆ ಮಣ್ಣಿಗಿಳಿಯುತ್ತಾನೇನೋ ಎಂದು ಅವಳಿಗೆ ಅಂದಿನಿಂದ ಸಮಾಧಾನವಿರಲಿಲ್ಲ.

ಒಂದೇ ಲ್ಯಾಪ್‌ಟಾಪ್. ಕೀಬೋರ್ಡಿನ ಎಡಗಡೆ ಅವನದು, ಬಲಗಡೆ ನನ್ನದು. ಅವನ ಒಂದು ಬೆರಳು ಎರಡು ಕೀಗಳನ್ನು ಒಟ್ಟಿಗೇ ಒತ್ತುತ್ತಿತ್ತು. ಆದರೂ ನನ್ನ ರೋಬೋದ ಬಲಗಾಲು ಕಿತ್ತುಬಂದು ಅಖಾಡದ ಗೋಡೆಗೆ ಹೋಗಿ ಬಿತ್ತು. ಅಣ್ಣ ಕೈ ತೆಗೆದು ಕೂತುಬಿಟ್ಟ.

"ಯಾಕ ನಿಂತಿ? ಹೊಡಿ. ನಂದ್ರಾಗ ಇನ್ನಾ ಜೀವ ಐತಿ."

"ಕಾಲ ಹ್ವಾದದ್ದಕ್ಕ ಏನ್ ಹೊಡಿಯೂದು? ಯಾರರೆ ಬಂದು ಬಿಡಸ್ಲಿ."

"ಯಾರೂ ಬರೂದಿಲ್ಲ. ಇದ್ರಾಗ ಪಂಚರಿಲ್ಲ."

"ಹಂಗಾದ್ರ ಇದು ಕುಸ್ತಿ ಅಲ್ಲ, ಬಡದಾಟ."

ಇಷ್ಟು ಸಿಕ್ಕ ಮೇಲೆ ನಾನು ಬಿಡುತ್ತೇನೆಯೇ. "ಯಂತ್ರಕ್ಕ ಪಂಚ ಯಾಕ ಬೇಕಣ್ಣಾ? ಮುಂದಿನ ಆಟಕ್ಕ ಹೊಸಾ ಕಾಲು ಬರತೈತಿ."

"ಅದಕ್ಕ ಬರತೈತಿ," ಅಂದ ಅಣ್ಣ.

"ಹೊಸಾ ಕಾಲು ಬರಲಾರದವ್ರಿಗೆ ಪಂಚ ಬೇಕು ಅಂತಿ, ಹೌದಲ್ಲ?"

ಅವನು ನನ್ನ ಮುಖ ನೋಡಿದ. "ವಕೀಲಬಾಯಿ, ನೀ ಆಟದ ಮಾತು ಆಡಾಕತ್ತಿಲ್ಲ. ಪಂಚ ಆಗು ಅನ್ನಾಕ ಅವ್ವ ಹೇಳಿಕೊಟ್ಟಾಳ."

"ನನ್ನ ಯಾಕ ಎಳಿತೀರಿ ನಿಮ್ಮ ಬಡದಾಟದಾಗ?" ಎಂದು ಒಳಗಿನಿಂದ ಅವ್ವ. ರೊಟ್ಟಿ ತಟ್ಟುವ ಸದ್ದು ಮಾತ್ರ ನಿಂತಿತ್ತು.

ಅಷ್ಟರಲ್ಲಿ ಸಮಯ ಮುಗಿದು, ಪರದೆಯ ಮೇಲೆ ಅಣ್ಣನ ರೋಬೋ ಗೆದ್ದಿತು. ಕಾಣದ ಜನ ಕೇಕೆ ಹಾಕಿದರು. ನನ್ನದು ಒಂಟಿಗಾಲಲ್ಲಿ ಇನ್ನೂ ಸುತ್ತುತ್ತಲೇ ಇತ್ತು. ಅವನು ಅದನ್ನೇ ನೋಡುತ್ತ ಹೇಳಿದ:

"ಅವತ್ತ ನಂದೂ ಹಿಂಗ. ಕಾಲು ತಿರುವಿದ್ದು ಪಂಚಗ ಕಾಣಲಿಲ್ಲ. ಯಾರೋ ಪಾವ್ಣ್ಯಾರು ಬಂದಿದ್ರು, ಅವರ ಕೈಯಾಗ ಫೇಟಾ ಸುತ್ತಿಸ್ಕೊಳ್ಳಾಕತ್ತಿದ್ದ. ನನ್ನ ಮ್ಯಾಲಿದ್ದ ಹುಡುಗಗೂ ತಿಳಿಲಿಲ್ಲ, ಒತ್ತಿದ."

ನಮ್ಮ ಕಡೆಯ ಮೈದಾನಗಳಲ್ಲಿ ಕುಸ್ತಿ ನಡೆದಿರುವಾಗಲೇ ಅತಿಥಿಗಳ ಕೈಯಿಂದ ಪೇಟ ಸುತ್ತಿಸುವ ಸತ್ಕಾರವೂ ನಡೆಯುತ್ತದೆ, ಅದು ರೂಢಿ. ಆದರೆ ಅವನ ಮೊಣಕಾಲು ಹೋದದ್ದು ಹೀಗೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ವಾದಕ್ಕೆ ಬೇಕಾಗಿದ್ದ ಅತ್ಯುತ್ತಮ ಪುರಾವೆಯನ್ನು ಎದುರಾಳಿಯೇ ತಂದುಕೊಟ್ಟಿದ್ದ. ಅದನ್ನು ಎತ್ತಿ ಆಡಲು ಮನಸ್ಸಾಗಲಿಲ್ಲ. ಇನ್ನೊಂದು ಆಟ ಶುರು ಮಾಡಿದೆ. ಅವನು ಆಡಲಿಲ್ಲ, ಎದ್ದು ಅಂಗಳಕ್ಕೆ ಹೋದ.

ವಿಮರ್ಶೆಯಲ್ಲಿ ಬರೆದೆ: ಪ್ರತಿ ಏಟಿಗೂ ತೂಕವಿದೆ, ಲೋಹದ ಸದ್ದು ಚೆನ್ನಾಗಿದೆ, ಬಿಡಿಭಾಗ ಜೋಡಿಸಿ ರೋಬೋ ಕಟ್ಟುವುದು ಆಟಕ್ಕಿಂತ ಖುಷಿ ಕೊಡುತ್ತದೆ. ಕೊರತೆ ಒಂದೇ. ಸಾಕು ಎನ್ನುವವರು ಅಖಾಡದಲ್ಲಿ ಯಾರೂ ಇಲ್ಲ. ಇದನ್ನು ಕೊರತೆ ಎನ್ನಬಹುದೇ ಎಂದು ಸಂಪಾದಕರು ಕೇಳಬಹುದು. ಕೇಳಲಿ, ಉತ್ತರ ಇದೆ.

ಅಂಗಳದಿಂದ ಅಣ್ಣನ ದನಿ ಕೇಳಿಸಿತು. ಫೋನಿನಲ್ಲಿ ಅಸಂಗಿಯ ಹಿರಿಯರು.

"ಬರ್ತೀನ್ರಿ ಕಾಕಾ. ಒಂದ ಮಾತು. ಕುಸ್ತಿ ನಡದಾಗ ಫೇಟಾ ಸುತ್ತಾಕ ನನ್ನ ಕರೀಬ್ಯಾಡ್ರಿ." ಆ ಕಡೆಯಿಂದ ಏನೋ ಕೇಳಿರಬೇಕು. "ಹೂಂ, ಸುತ್ರಿ. ಎಲ್ಲಾ ಜೋಡಿ ಮುಗದು, ಹುಡುಗ್ರು ಎದ್ದು ನಿಂತ ಮ್ಯಾಲ."

ಒಳಗೆ ರೊಟ್ಟಿ ತಟ್ಟುವ ಸದ್ದು ಮತ್ತೆ ಶುರುವಾಯಿತು.