ರಿಪೇರಿ ವಿಭಾಗದವಳ ಯುದ್ಧ

ಐವತ್ತೆಂಟು ದಾಟಿದ ಮೇಲೆ ಯುದ್ಧದ ಕಾದಂಬರಿ ಬರೆಯಲು ಕೂತವಳು ಬಂದೂಕು ಹಿಡಿದವಳೇನಲ್ಲ. ಅಡುಗೆಮನೆಗೆ ಇಲಿ ಬಂದರೆ ಸ್ಟೂಲು ಹತ್ತಿ ಕಿರುಚುವವಳು. "ಅಮ್ಮಾ, ಬರೆಯೋದೇ ಆದ್ರೆ ಇಲಿ ಮೇಲೆ ಬರಿ. ಅದ್ರಲ್ಲಿ ನಿಂಗೆ ಅನುಭವ ಇದೆ," ಎಂದು ಮಗಳು ರೇಗಿಸಿದಳು. ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳ ಮಾತು ಕಿವಿಗೆ ಹಾಕಿಕೊಳ್ಳುವ ಪೈಕಿಯವಳೇ ಅಲ್ಲ ಬಿಡಿ.

ಮೂವತ್ತೆಂಟು ವರ್ಷ ಅವಳು ದುಡಿದದ್ದು ಸೈನಿಕರ ಸಮವಸ್ತ್ರದ ಕಾರ್ಖಾನೆಯಲ್ಲಿ. ಮುಂದಿನ ದೊಡ್ಡ ಹಾಲಿನಲ್ಲಿ ಹೊಸ ಅಂಗಿ ಹೊಲಿಯುವವರು; ಫ್ಯಾನು, ಕಿಟಕಿ, ನೋಡಲು ಬಂದ ಅಧಿಕಾರಿಗಳ ಶಹಭಾಸ್ ಎಲ್ಲ ಅವರಿಗೆ. ಹಿಂದಿನ ಶೆಡ್ಡಿನಲ್ಲಿ ರಿಪೇರಿ ವಿಭಾಗ, ಆರು ಜನ ಹೆಂಗಸರು. ತೊಟ್ಟು ಹರಿದ ಅಂಗಿಗಳು ಒಗೆಸಿಕೊಂಡು, ಮೂಟೆ ಮೂಟೆಯಾಗಿ ಅಲ್ಲಿಗೆ ಬರುತ್ತಿದ್ದವು. ತಪಾಸಣೆ ಮಾಡುವವಳು ತೂತು ಕಂಡಲ್ಲೆಲ್ಲ ನೀಲಿ ಸೀಮೆಸುಣ್ಣದಲ್ಲಿ ಒಂದು ಸುತ್ತು ಹಾಕಿ ಕೊಡುವಳು. ಸುತ್ತು ಇದ್ದಲ್ಲಿ ತೇಪೆ ಹಾಕಿ, ಸುಣ್ಣ ಒರೆಸಿ, ಮಡಚಿಡುವುದು ಇವಳ ಕೆಲಸ. ಹೊಲಿಗೆಯಂತ್ರಗಳ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ, ಸುತ್ತು ಸಾಕಾಗಿತ್ತು.

ಬರಬರುತ್ತಾ ತೂತುಗಳೇ ಅವಳ ಹತ್ತಿರ ಮಾತಾಡತೊಡಗಿದವು. ಮುಳ್ಳುತಂತಿಗೆ ಸಿಕ್ಕ ಬಟ್ಟೆ ಮೂಲೆಮೂಲೆಯಾಗಿ ಹರಿಯುತ್ತದೆ. ಬೆಂಕಿ ತಾಗಿದ್ದರೆ ಅಂಚು ಗಟ್ಟಿ. ಮುಂಗೈಯಿಂದ ಭುಜದವರೆಗೆ ನೇರ ಸೀಳಿದ್ದರೆ ಅದು ಕತ್ತರಿ. ಆಸ್ಪತ್ರೆಯಲ್ಲಿ ಯಾರೋ ಅವಸರದಲ್ಲಿ ಗಾಯದ ಕೈಯಿಂದ ಅಂಗಿಯ ತೋಳು ಬಿಡಿಸಿದ್ದಾರೆ. ಅಯ್ಯೋ, ಯಾರ ಮಗನೋ ಏನೋ ಎನ್ನುತ್ತಲೇ ಸೂಜಿಗೆ ದಾರ ಪೋಣಿಸುವಳು. ಯುದ್ಧ ನಡೆದ ವರ್ಷವಂತೂ ಪ್ರತಿ ಅಂಗಿಯ ಕಾಲರಿನೊಳಗೆ ಗಡಿಗೆ ಹೋಗಿದ್ದ ಸಿಪಾಯಿ ಅಣ್ಣನ ನಂಬರು ಹುಡುಕಿದಳು, ಸಿಗದೇ ಇರಲಪ್ಪಾ ಎಂದು ಬೇಡಿಕೊಳ್ಳುತ್ತಾ. ಸಿಗಲೂ ಇಲ್ಲ. ಅಣ್ಣ ಸ್ವಲ್ಪ ಕುಂಟುತ್ತಾ ಮನೆಗೆ ಬಂದ.

ನಿವೃತ್ತಿಯಾದ ಮೇಲೆ ಅವಳ ಕೈ ಸುಮ್ಮನಿರಲಿಲ್ಲ. ಮನೆಯ ಪರದೆ, ದಿಂಬಿನ ಚೀಲ ಎಲ್ಲ ರಿಪೇರಿಯಾದವು. ಅಳಿಯನ ನೆಟ್ಟಗಿದ್ದ ಪ್ಯಾಂಟಿಗೂ ಒಂದು ತೇಪೆ ಬಿತ್ತು. ಪಾಪ, ಅವನು ಅದನ್ನೇ ತೊಟ್ಟು ಕೆಲಸಕ್ಕೆ ಹೋದ. ಒಂದು ದಿನ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಆ ತೋಳು ಕತ್ತರಿಸಿದ ಅಂಗಿಯವನ ಬಗ್ಗೆ ನಾಲ್ಕು ಸಾಲು ಬರೆದಳು. ನಾಲ್ಕು ನಲವತ್ತಾಯಿತು. ಎರಡು ವರ್ಷದಲ್ಲಿ ಇನ್ನೂರ ಮೂವತ್ತು ಪುಟವಾಯಿತು. ಒಬ್ಬ ಪ್ರಕಾಶಕ ಓದಿ, "ಅಮ್ಮಾ, ನಾನು ಅಚ್ಚು ಹಾಕ್ತೀನಿ. ತಿದ್ದೋದು ಏನಾದ್ರೂ ಇದ್ರೆ ಈ ಸೋಮವಾರ ಬಿಟ್ಟು ಮುಂದಿನ ಸೋಮವಾರದೊಳಗೆ ಹೇಳ್ಬಿಡಿ," ಎಂದ.

ಕುಣಿದಾಡಬೇಕಿತ್ತಲ್ಲವೇ? ಎಲ್ಲಿ! ಅಂದಿನಿಂದ ಅವಳಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಕಾರಣ ಅಣ್ಣ. ಯುದ್ಧದಿಂದ ಬಂದವನು ನೀರಿನ ಪಂಪ್‌ಹೌಸಿನಲ್ಲಿ ದುಡಿದು, ಈಗ ಪಕ್ಕದ ಓಣಿಯ ಒಂದು ಕೋಣೆಯಲ್ಲಿ ಒಬ್ಬನೇ ಇದ್ದ. ಯುದ್ಧ ಹೇಗಿತ್ತು ಎಂದು ಯಾರಾದರೂ ಕೇಳಿದರೆ "ಚಳಿ ಇತ್ತು" ಎನ್ನುವನು. ಮೂವತ್ತೈದು ವರ್ಷಗಳಿಂದ ಅವನ ಬಾಯಿಂದ ಹೊರಟದ್ದು ಅಷ್ಟೇ. ಅವನು ಸುಳ್ಳು ಎಂದರೆ ಪುಸ್ತಕ ಪೂರ್ತಿ ಸುಳ್ಳು. ಉಳಿದವರು ತಲೆ ಮೇಲೆ ಹೊತ್ತು ಮೆರೆಸಿದರೂ ಅವಳು ಅದನ್ನು ಅಚ್ಚಿಗೆ ಕೊಡುವವಳಲ್ಲ.

ಭಾನುವಾರ ಹೋಗಿ ಕಾಗದದ ಕಟ್ಟನ್ನು ಅವನ ಮಂಚದ ಮೇಲೆ ಇಟ್ಟಳು. ಕಟ್ಟಿನ ಮೇಲೆ ಒಂದು ತುಂಡು ನೀಲಿ ಸೀಮೆಸುಣ್ಣ ಇಟ್ಟಳು.

"ಅಣ್ಣಾ, ನೀನು ಮಾತೇ ಆಡ್ಬೇಡ. ಎಲ್ಲಿ ಸರಿಯಿಲ್ವೋ ಅಲ್ಲಿ ಒಂದು ಸುತ್ತು ಹಾಕು, ಸಾಕು."

ಮಂಗಳವಾರ ಡಬ್ಬಿಯ ಮುಚ್ಚಳ ಕೇಳುವ ನೆಪದಲ್ಲಿ ಹೋದಳು. ಕಟ್ಟು ಮಂಚದ ಮೇಲೇ ಇತ್ತು. ಬುಧವಾರ ಅದೇ ಮುಚ್ಚಳ ವಾಪಸ್ ಕೊಡಲು ಹೋದಳು. ಕಟ್ಟು ಕಾಣಲಿಲ್ಲ. ಗುರುವಾರ ಬಾಗಿಲಲ್ಲಿ ಅವಳ ನೆರಳು ಕಂಡೊಡನೆ ಅಣ್ಣನೇ ಕೇಳಿದ: "ಇವತ್ತು ಏನು ತಾಯೀ, ಡಬ್ಬಿಯಾ?" ಅವಳು ಬಂದ ದಾರಿಯಲ್ಲೇ ತಿರುಗಿದಳು. ಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿತು.

ಶನಿವಾರ ಬೆಳಿಗ್ಗೆ ಅಣ್ಣನೇ ಬಂದು ಕಟ್ಟನ್ನು ಮೇಜಿನ ಮೇಲಿಟ್ಟು ಕೂತ. ಅವಳು ನಿಂತಲ್ಲೇ ಹಾಳೆ ಮಗುಚಿದಳು. ಹತ್ತು, ಐವತ್ತು, ನೂರು, ಇನ್ನೂರು. ಒಂದು ಸುತ್ತೂ ಇಲ್ಲ. ಸಮಾಧಾನವಾಗುವ ಬದಲು ಸಿಟ್ಟು ನೆತ್ತಿಗೇರಿತು.

"ನೀನು ಓದೇ ಇಲ್ಲ!"

"ಕೊನೇ ಹಾಳೆ ನೋಡು."

ಕೊನೆಯದು ರಟ್ಟಿನ ಬದಲು ಅವಳೇ ಇಟ್ಟಿದ್ದ ಖಾಲಿ ಹಾಳೆ. ಅದರ ನಡುವೆ ತಟ್ಟೆಯಷ್ಟು ದೊಡ್ಡ ನೀಲಿ ಸುತ್ತು.

"ಇಲ್ಲಿ ನಾನೇನೂ ಬರ್ದೇ ಇಲ್ವಲ್ಲ ಅಣ್ಣಾ?"

"ಅದೇ ತೂತು," ಎಂದ ಅಣ್ಣ. "ಮುಳ್ಳುತಂತಿ ಸರಿ ಇದೆ. ಚಳಿ ಸರಿ ಇದೆ. ಆ ಬೈಗುಳ ಎಲ್ಲ ಎಲ್ಲಿ ಕಲಿತೆಯೇ?"

"ಶೆಡ್ಡಲ್ಲಿ ಆರು ಜನ ಹೆಂಗಸ್ರು ಇದ್ವಲ್ಲ."

ಅಣ್ಣ ನಕ್ಕ. ಆಮೇಲೆ ನಗಲಿಲ್ಲ. "ನಿನ್ನ ಯುದ್ಧದಲ್ಲಿ ಕೈ ಹೋಗತ್ತೆ, ಕಾಲು ಹೋಗತ್ತೆ. ಒಬ್ಬನೂ ಸಾಯೋದಿಲ್ಲ. ಎಲ್ರೂ ಮನೆಗೆ ಬಂದ್ಬಿಡ್ತಾರೆ."

ಹಾಗೇನಿಲ್ಲ ಎನ್ನಲು ಅವಳು ಬಾಯಿ ತೆರೆದಳು. ಬರೆದದ್ದನ್ನು ನೆನೆದಳು: ದಂಡಿನ ಅಡುಗೆಯವನು ಮನೆಗೆ ಬರುತ್ತಾನೆ. ತೋಳು ಕತ್ತರಿಸಿದ ಅಂಗಿಯವನು ಬರುತ್ತಾನೆ. ತಂತಿಯಲ್ಲಿ ಸಿಕ್ಕಿಕೊಂಡ ಇಬ್ಬರೂ ಬರುತ್ತಾರೆ. ಬೇಕೆಂದು ಹಾಗೆ ಬರೆದದ್ದಲ್ಲ. ಪೆನ್ನು ಆ ಕಡೆಗೆ ಹೋಗಿಯೇ ಇರಲಿಲ್ಲ.

"ಸತ್ತವರ ಅಂಗಿ ನಿಮ್ಮ ಶೆಡ್ಡಿಗೆ ಯಾಕೆ ಬರತ್ತೆ?" ಎಂದ ಅಣ್ಣ, ಮೆಲ್ಲಗೆ. "ತೇಪೆ ಹಾಕಿ ತೊಡಿಸೋದು ಯಾರಿಗೆ?"

ಅವಳು ಕುರ್ಚಿ ಹಿಡಿದು ಕೂತಳು. ಮೂವತ್ತೆಂಟು ವರ್ಷ ಅವಳ ಕೈಯಿಂದ ಹಾದುಹೋದದ್ದೆಲ್ಲ ಬದುಕಿದವರ ಬಟ್ಟೆ. ಆ ವರ್ಷ ಅಣ್ಣನ ನಂಬರು ಸಿಗದಿರಲಿ ಎಂದು ಬೇಡಿದಳಲ್ಲ, ಬೇಡಬೇಕಾಗಿದ್ದದ್ದು ಸಿಗಲಿ ಎಂದು. ನಾಚಿಕೆಯಾಯಿತು, ಕಣ್ಣು ತುಂಬಿತು.

"ಹಾಗಾದ್ರೆ ಇದನ್ನ ಹರಿದು ಹಾಕ್ಲಾ?"

"ಹುಚ್ಚೀ, ಯಾಕೆ ಹರೀತೀಯ? ಹೊಲಿಗೆ ಚೆನ್ನಾಗಿದೆ." ಅಣ್ಣ ಕಟ್ಟಿನ ಅಂಚು ನೇರ ಮಾಡಿದ. "ಓದ್ತಾ ಓದ್ತಾ ನನ್ನ ಜೊತೆ ಇದ್ದು ಸತ್ತವರನ್ನ ಹುಡುಕ್ತಿದ್ದೆ ಕಣೇ. ಈ ಪುಟದಲ್ಲಿ ಬರ್ತಾರೆ, ಮುಂದಿನ ಪುಟದಲ್ಲಿ ಬರ್ತಾರೆ ಅಂತ. ಸಿಗಲಿಲ್ಲ."

ಎಂದಿನ ಹಾಗೆ ಅವನು ಎದ್ದು ಹೋಗಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ.

"ಪೆನ್ನು ತಗೋ. ಒಬ್ಬ ಇದ್ದ. ನಿದ್ದೆಗಣ್ಣಲ್ಲಿ ಯಾವಾಗ್ಲೂ ನನ್ನ ಬೂಟು ಹಾಕ್ಕೊಂಡು ಹೋಗ್ಬಿಡ್ತಿದ್ದ. ಅವತ್ತೂ ನನ್ನ ಬೂಟಲ್ಲೇ ಹೋದ." ಅಷ್ಟು ಹೇಳಿ ಅವನು ತನ್ನ ಕಾಲುಗಳನ್ನು ನೋಡುತ್ತಾ ಕೂತ.

ಆಗಲೇ ಫೋನು ಬಡಿದುಕೊಂಡಿತು. ಪ್ರಕಾಶಕ. "ಅಮ್ಮಾ, ಸೋಮವಾರ ಪ್ರೆಸ್ಸಿಗೆ ಕಳಿಸ್ಬಹುದಲ್ವಾ?"

ಅವಳು ಫೋನಿಗೆ ಅಂಗೈ ಅಡ್ಡ ಹಿಡಿದಳು. "ಒಟ್ಟು ಎಷ್ಟು ಜನ ಅಣ್ಣಾ?"

ಅಣ್ಣನಿಗೆ ಬೆರಳು ಮಡಚಿ ಎಣಿಸಬೇಕಾಗಲಿಲ್ಲ.

"ಹನ್ನೊಂದು."

ಅವಳು ಅಂಗೈ ತೆಗೆದಳು. "ಸೋಮವಾರ ಆಗೋದಿಲ್ಲಪ್ಪಾ. ಪುಸ್ತಕ ಇನ್ನೂ ಮುಗಿದಿಲ್ಲ. ಹನ್ನೊಂದು ಅಧ್ಯಾಯ ಬಾಕಿ ಇದೆ."